ಕಡೀ ಪಂಕ್ತಿಗೂ ಬಿಸಿ ಹೋಳಗಿ ಬಡಸ್ರಿ

ಹೋದ ತಿಂಗಳು ಬೆಂಗಳೂರಿಗೆ ಮಗಳ ಕಡೆ ಹೋಗಿದ್ದೆ. ತಿರಗಿ ಬಂದ ಮ್ಯಾಲೆ ಬಾಜೂ ಮನಿ ವೈನಿ "ಏನೇನ ನೋಡಿ ಬಂದ್ರಿ?" ಅಂತ ಕೇಳಿದ್ರು. ಲಾಲಬಾಗ ನೋಡಲಿಲ್ಲ, ಮಾಲ್ ನೋಡಲಿಲ್ಲ, ಎರಡು ದಿವಸ ಬಿಸಲಾಗ ಕೂತು ತಾಟು ಒಗಿಯೋ ಆಟ ನೋಡಿ ಬಂದೆ ಅಂದೆ. ಅವರು ನಕ್ಕರು, ನಾನೂ ನಕ್ಕೆ. ಖರೇ ಅಂದ್ರ ನನಗ ಸಿಟ್ಟು ಬಂದಿತ್ತು, ಇನ್ನೂ ಇಳದಿಲ್ಲ. ಅದಕ್ಕ ಈ ಸಲ ಉಪ್ಪಿನಕಾಯಿ ವಿಷಯ ಬದಿಗಿಟ್ಟು ಇದನ್ನ ಬರೀಲಿಕ್ಕೆ ಕೂತೇನಿ.

ಮೊದಲ ಆಟ ಯಾವದು ಅಂತ ಹೇಳ್ತೀನಿ. ಹೆಸರು ಅಲ್ಟಿಮೇಟ್, ಮಂದಿ ಫ್ರಿಸ್ಬೀ ಅಂತಾರ. 1968ರಾಗ ಅಮೆರಿಕಾದ ನ್ಯೂಜೆರ್ಸಿಯ ಹೈಸ್ಕೂಲ್ ಹುಡುಗರು ಶುರು ಮಾಡಿದ್ದು. 175 ಗ್ರಾಂ ತೂಕದ ಪ್ಲಾಸ್ಟಿಕ್ ಡಿಸ್ಕು, ಸಣ್ಣ ಪಾತೇಲಿ ಮುಚ್ಚಳದಷ್ಟು. ಒಂದೊಂದು ಕಡೆ 7 ಮಂದಿ. ಮೈದಾನ 100 ಮೀಟರ್ ಉದ್ದ, 37 ಮೀಟರ್ ಅಗಲ, ಎರಡೂ ತುದಿಗೆ 18 ಮೀಟರಿನ ಪಟ್ಟಿ. ಡಿಸ್ಕು ಹಿಡಕೊಂಡು ಓಡೂ ಹಂಗಿಲ್ಲ, ಎದುರಿನವರು 10 ಎಣಿಸೂದ್ರಾಗ ಒಗೀಬೇಕು. ತುದಿ ಪಟ್ಟಿಯೊಳಗ ನಮ್ಮವರು ಹಿಡದ್ರ ಒಂದು ಪಾಯಿಂಟು. ನನ್ನ ಮಗಳು ಆಡೋದು ಮಿಕ್ಸೆಡ್ ಟೀಮು, ಗಂಡು ಹೆಣ್ಣು ಕೂಡೇ ಆಡ್ತಾರ.

ನನಗ ಈ ಆಟದ ಮ್ಯಾಲೆ ಪ್ರೀತಿ ಹುಟ್ಟಿದ್ದು ಇನ್ನೊಂದು ಕಾರಣಕ್ಕ. ಇದರಾಗ ಅಂಪೈರ್ ಇಲ್ಲ. ಫೌಲ್ ಆತೋ ಇಲ್ಲೋ, ಗೆರಿ ಒಳಗೋ ಹೊರಗೋ, ಆಡೋರೇ ಮಾತಾಡಿ ತೀರಿಸ್ಕೋಬೇಕು. ಆಟ ಮುಗದ ಮ್ಯಾಲೆ ಒಂದು ಟೀಮು ಇನ್ನೊಂದಕ್ಕ ಸ್ಪಿರಿಟ್ ಅಂಕ ಕೊಡ್ತದ. ನಿಯಮ ತಿಳ್ಕೊಂಡಾರೋ, ಮೈಗೆ ಮೈ ಹಾಯಿಸ್ಯಾರೋ, ನ್ಯಾಯಬುದ್ಧಿ ಇತ್ತೋ, ನಗಮುಖ ಮತ್ತು ಸಂಯಮ ಇತ್ತೋ, ಮಾತುಕತಿ ಹೆಂಗಿತ್ತು, ಹಿಂಗ ಐದು ಬಾಬತ್ತು, ಒಂದೊಂದಕ್ಕ 0ದಿಂದ 4. ಒಟ್ಟು 20. ಇಷ್ಟು ಸಂಸ್ಕಾರ ಇರೋ ಆಟ, ಅದರ ಜಾಗತಿಕ ಒಕ್ಕೂಟಕ್ಕ 2015ರಾಗ ಒಲಿಂಪಿಕ್ ಸಮಿತಿ ಮಾನ್ಯತೆನೂ ಕೊಟ್ಟದ.

ಹಿಂತಾ ಆಟದಾಗೂ ಪಂಕ್ತಿಭೇದ ಅದ, ನೋಡ್ರಿ.

ನಾ ಹೋಗಿದ್ದ ಟೂರ್ನಮೆಂಟಿನಾಗ ಎರಡು ಡಿವಿಷನ್. ಮ್ಯಾಲಿನದಾಗ ಹಳೇ ಗಟ್ಟಿ ಟೀಮುಗಳು, ಕೆಳಗಿನದಾಗ ಹೊಸಬರು. ನನ್ನ ಮಗಳ ಟೀಮು ಕೆಳಗಿಂದು. ಆಫೀಸು ಮುಗಿಸಿ ವಾರಕ್ಕ ಎರಡು ದಿವಸ ಕಲಿಯೋ ಹುಡುಗೂರು. ಫೀ ಮಾತ್ರ ಎರಡೂ ಡಿವಿಷನ್ನಿಗೆ ಒಂದ. ಮ್ಯಾಲಿನವರಿಗೆ ಹುಲ್ಲಿನ ಮೈದಾನ, ಸುಣ್ಣದ ಗೆರಿ, ನೀರಿನ ಕ್ಯಾನು, ಪೆಂಡಾಲು, ಔಷಧ ಡಬ್ಬಿ. ಕೆಳಗಿನವರಿಗೆ ಹಿತ್ತಲದ ಮೈದಾನ. ಗೆರಿ ಇಲ್ಲ, ಅಲ್ಲೊಂದು ಇಲ್ಲೊಂದು ಕೋನು. ನಡುವ ಹರಳು. ಆಟದ ಹೊತ್ತು ನಸುಕಿನಾಗ ಒಂದು, ಆಮ್ಯಾಲೆ ನಡು ಮಧ್ಯಾಹ್ನದ ಬಿಸಲಾಗ ಒಂದು. ಮ್ಯಾಲಿನ ಆಟ ತಡಾ ಆದ್ರ ಇವರ ಆಟದ ಟೈಮು ಕತ್ತರಿಸೋದು. ಪೂರಾ ಆಟ 15 ಪಾಯಿಂಟಿಂದು ಅಂತಾರ. ನನ್ನ ಮಗಳ ಒಂದು ಆಟ 6–5ಕ್ಕ ಮುಗದು ಹೋತು.

ಒಂದು ಹುಡುಗಿ ಡಿಸ್ಕಿಗೆ ಹಾರಿ ಬಿದ್ಲು, ಮೊಳಕೈ ಸುಲದು ರಕ್ತ ಬಂತು. ಔಷಧ ಡಬ್ಬಿ ಇದ್ದದ್ದು ಮುಂದಿನ ಮೈದಾನದಾಗ. ಯಾರೋ ಓಡಿ ತರೋತನಕ ನನ್ನ ಬಾಟ್ಲಿ ನೀರು, ನನ್ನ ಕರ್ಚೀಫು. ಕಡೀ ದಿವಸ ಇವರ ಫೈನಲ್ಲು ನಡದಾಗ ಮುಂದ ಮ್ಯಾಲಿನವರ ಸೆಮಿಫೈನಲ್ಲು. ನೋಡ್ಲಿಕ್ಕೆ ಇದ್ದವರು ನಾನು, ಇನ್ನೊಬ್ಬರ ತಂದಿ, ಒಂದು ನಾಯಿ.

ನಾ ಸುಮ್ಮನ ಕೂಡೋಕಿ ಅಲ್ಲ, ನಿಮಗ ಗೊತ್ತದ. ನಡಸೋ ಹುಡುಗನ್ನ ಕರದು ಕೇಳಿದೆ. ಪಾಪ, ಮರ್ಯಾದಿಲೇ ಹೇಳಿದ: "ಆಂಟಿ, ಅವರ ಲೆವೆಲ್ಲೇ ಬೇರೆ. ಇವರು ಕಲಿಯೋರು, ಸ್ವಲ್ಪ ಅಡ್ಜಸ್ಟ್ ಮಾಡ್ಕೋತಾರೆ."

ಅಡ್ಜಸ್ಟ್! ಆ ಶಬ್ದ ನನಗ ಹೊಸದಲ್ಲ, ನಿಮಗೂ ಅಲ್ಲ. ಮದುವಿ ಮನ್ಯಾಗ ಮೂರು ಪಂಕ್ತಿ ಬಡಿಸಿ ನಾವು ಕಡೀಕ ಎಲಿ ಮುಂದ ಕೂತಾಗ ಹೋಳಗಿ ಮುರದಿರ್ತಾವ, ಅನ್ನ ಆರಿರ್ತದ, ಸಾರಿನ್ಯಾಗ ಬ್ಯಾಳಿ ಇರೂದಿಲ್ಲ. "ಮನೀವರೇ ಅಲ್ಲ, ಅಡ್ಜಸ್ಟ್ ಮಾಡ್ಕೋರಿ." ಹಸಿವಿ ಮಾತ್ರ ಎಲ್ಲಾ ಪಂಕ್ತಿದೂ ಒಂದ.

ಆ ಹುಡುಗನ ಮಾತಿನಾಗ ಖರೇ ಏನೂ ಇಲ್ಲ ಅನ್ನೂದಿಲ್ಲ. ಡಿವಿಷನ್ ಮಾಡೋದು ತಪ್ಪಲ್ಲ. ಹೊಸಬರನ್ನ ಹಳಬರ ಎದುರು ನಿಲ್ಲಿಸಿ 15–1 ಸೋಲಿಸಿದ್ರ ಯಾರಿಗೂ ಸುಖ ಇಲ್ಲ. ನಡಸೋರೂ ಪಗಾರ ತೊಗೊಳ್ಳೋರಲ್ಲ, ರಜಾ ಹಾಕಿ ದುಡಿಯೋ ಹುಡುಗರು. ಛೊಲೋ ಮೈದಾನದ ಬಾಡಿಗಿ ಭಾಳ. ಎಲ್ಲಾ ಒಪ್ಪಿದೆ. ಆದರ ಆಟದ ಬಲ ನೋಡಿ ಭಾಗ ಮಾಡೋದು ಬ್ಯಾರೆ, ಮರ್ಯಾದಿ ಭಾಗ ಮಾಡೋದು ಬ್ಯಾರೆ. ಫೀ ತೊಗೊಳ್ಳೋ ಮುಂದ ಲೆವೆಲ್ಲು ನೆನಪಾಗಲಿಲ್ಲ, ನೀರಿನ ಕ್ಯಾನು ಇಡೋ ಮುಂದ ನೆನಪಾತು. ಇದ್ಯಾವ ಲೆಕ್ಕ?

ಇನ್ನೊಂದು ಮಾತು. ಛೊಲೋ ಗೆರಿ ಹೆಚ್ಚು ಬೇಕಾಗಿರೋದು ಕಲಿಯೋರಿಗೇ. ಅಂಪೈರ್ ಇಲ್ಲದ ಆಟದಾಗ ಗೆರಿನೇ ಅರ್ಧಾ ಅಂಪೈರು. ನಾ ನೋಡ್ತಿದ್ದ ಆಟದಾಗ ಒಂದು ಕ್ಯಾಚು ಒಳಗೋ ಹೊರಗೋ ಅಂತ ವಾದ ಹತ್ತಿತು. ಎರಡು ಕೋನಿನ ನಡುವ ಗೆರಿ ಎಲ್ಲಿ ಅದ ಅಂತ ಯಾರಿಗೂ ತಿಳೀಲಿಲ್ಲ. ಹಳಬರಾಗಿದ್ರ ಎರಡು ಮಾತಿನಾಗ ಮುಗಸ್ತಿದ್ರು. ಇವರಿಗೆ ನಿಯಮನೂ ಪೂರಾ ಬಾಯಿಪಾಠ ಇಲ್ಲ, ಗೆರಿನೂ ಇಲ್ಲ. ಟೈಮು ಮಾತ್ರ ಓಡ್ತಿತ್ತು. ಆಮ್ಯಾಲೆ "ಕೆಳಗಿನ ಡಿವಿಷನ್ನವರ ಸ್ಪಿರಿಟ್ ಸರಿ ಇಲ್ಲ, ಭಾಳ ಜಗಳಾಡ್ತಾರ" ಅಂತ ಹೆಸರು. ಮಸಿ ಅರಬಿ ಕೊಟ್ಟು ತಾಟು ಯಾಕ ಹೊಲಸದ ಅಂತ ಸೊಸಿನ್ನ ಬೈದಂಗ ಆತು.

ಇದಕ್ಕಿಂತ ಕೆಟ್ಟ ಅನ್ಯಾಯ ಒಂದದ. ಗಟ್ಟಿ ಆಟಗಾರರು ನಾಲ್ಕೈದು ಮಂದಿ ಕೂಡಿ ಹೊಸ ಹೆಸರು ಇಟ್ಕೊಂಡು ಕೆಳಗಿನ ಡಿವಿಷನ್ನಿಗೆ ಬಂದು ಕಪ್ಪು ಹೊಡಕೊಂಡು ಹೋಗೋದು. ಅವತ್ತೂ ಹಂಗ ಆತು. ಹತ್ತನೇ ಕ್ಲಾಸಿನವ ಮೂರನೇ ಕ್ಲಾಸಿನ ಪರೀಕ್ಷಾಕ್ಕ ಕೂತು ಪಹಿಲೇ ನಂಬರ್ ಬಂದೆ ಅಂದ್ರ ಹಾರ ಹಾಕ್ತೀರೇನು? ಫಾರ್ಮು ತುಂಬಸೋ ಮುಂದ ಯಾರ್ಯಾರು ಮೊದಲ ಎಲ್ಲಿ ಆಡ್ಯಾರ ಅಂತ ಕೇಳಿದ್ರ ಇದು ನಿಲ್ತದ. ಕೇಳೂದಿಲ್ಲ, ಯಾಕಂದ್ರ ಕೆಳಗಿನ ಕಪ್ಪಿಗೆ ಅವರ ಲೆಕ್ಕದಾಗ ಕಿಮ್ಮತ್ತಿಲ್ಲ. ಆಡಿದ ಹುಡುಗೂರಿಗೆ ಅದ.

ನಾ ಕೇಳೋದು ರೊಕ್ಕದ ಮಾತಲ್ಲ. ಛೊಲೋ ಮೈದಾನ ಒಂದ ಇದ್ರ ಪಾಳಿ ಹಚ್ಚರಿ, ಎಲ್ಲಾ ಟೀಮೂ ಒಂದರೆ ಆಟ ಅಲ್ಲಿ ಆಡಲಿ. ಆಟದ ಸಂಖ್ಯೆ, ಆಟದ ಟೈಮು ಇಬ್ಬರಿಗೂ ಸಮ ಇರಲಿ. ತಡಾ ಆದ್ರ ಇಬ್ಬರದೂ ಕತ್ತರಿಸ್ರಿ. ನೀರು, ನೆಳ್ಳು, ಔಷಧ ಡಬ್ಬಿ ಎರಡೂ ಕಡೆ ಇರಲಿ. ಗೆರಿ ಹಾಕಲಿಕ್ಕೆ ಒಂದು ಚೀಲ ಸುಣ್ಣ ಸಾಕು. ದೊಡ್ಡ ಅಂತರರಾಷ್ಟ್ರೀಯ ಪಂದ್ಯದಾಗ ತೀರ್ಪು ಕೊಡದ, ಬರೇ ನಿಯಮ ತಿಳಿಸಿ ಮಾತುಕತಿ ಹಗುರ ಮಾಡೋ ಗೇಮ್ ಅಡ್ವೈಸರ್ ಅಂತ ಇರ್ತಾರ. ಹಂತಾ ಕೆಲಸಕ್ಕ ಮ್ಯಾಲಿನ ಟೀಮಿನ ಒಬ್ಬೊಬ್ಬರು ಬಿಡುವಿದ್ದಾಗ ಹಿತ್ತಲ ಮೈದಾನಕ್ಕ ಬರಲಿ. ಕೆಳಗಿನ ಫೈನಲ್ಲು ಮ್ಯಾಲಿನ ಫೈನಲ್ಲಿನ ಮುಂಚೆ, ಅದೇ ಮೈದಾನದಾಗ, ಎಲ್ಲಾರೂ ನೋಡೂಹಂಗ ಆಗಲಿ. ಬಹುಮಾನ ಎಲ್ಲಾರೂ ಇರೋ ಹೊತ್ತಿನಾಗ ಕೊಡ್ರಿ.

ನಾಳೆ ಮ್ಯಾಲಿನ ಟೀಮಿಗೆ ಆಟಗಾರರು ಎಲ್ಲಿಂದ ಬರ್ತಾರ? ಇದೇ ಹಿತ್ತಲ ಮೈದಾನದಿಂದ. ಎರಡು ಸಲ ಹಿಂಗ ಆದ್ರ ಮೂರನೇ ಸಲ ಅವರು ಬರೂದಿಲ್ಲ. ಮೊದಲು ಬಿಡೋರು ಹುಡುಗೀರು, "ಇಷ್ಟೆಲ್ಲಾ ಯಾಕ ಬೇಕಾಗಿತ್ತ?" ಅನ್ನಲಿಕ್ಕೆ ಮನ್ಯಾಗ ನಾವು ತಯಾರ ಇರ್ತೀವಲ್ಲ. ನಾನೂ ಅಂದಾಕಿನೇ. ಎರಡು ವರ್ಷದ ಹಿಂದ ಮಗಳಿಗೆ "ಗೆಲ್ಲೂದಿಲ್ಲ, ಏನಿಲ್ಲ, ಬಿಸಲಾಗ ಯಾಕ ಕರ್ರಗಾಗ್ತಿ" ಅಂದಿದ್ದೆ. ಆ ನಡಸೋ ಹುಡುಗನಿಗೂ ನನಗೂ ಅವತ್ತ ಭಾಳ ಫರಕ ಇದ್ದಿಲ್ಲ.

ಈಗ ಮಗಳಿಗೆ ಹೇಳೇನಿ, ಮುಂದಿನ ಕ್ಯಾಪ್ಟನ್ನರ ಮೀಟಿಂಗಿನಾಗ ಇದನ್ನೆಲ್ಲಾ ಬರದು ಕೊಡು, ಫೀ ತುಂಬೋದಕ್ಕಿಂತ ಮೊದಲ ಕೊಡು ಅಂತ. ನಿಮಗೂ ಒಂದು ಮಾತು, ಅಕ್ಕಾರ. ನಿಮ್ಮ ಮಕ್ಕಳು ಮೊಮ್ಮಕ್ಕಳು ಖೋಖೋ ಆಡಲಿ, ಕಬಡ್ಡಿ ಆಡಲಿ, ಸಾಲಿ ಗ್ಯಾದರಿಂಗಿನಾಗ ಕಡೀ ಸಾಲಿನಾಗ ಕುಣೀಲಿ, ಒಂದು ಸಲ ಹೋಗಿ ನೋಡಿ ಬರ್ರಿ. ಮುಂದಿನ ಮೈದಾನದಾಗ ನೋಡೋ ಮಂದಿ ಭಾಳ ಇರ್ತಾರ. ನೀವು ಹಿತ್ತಲ ಮೈದಾನಕ್ಕ ಹೋಗ್ರಿ, ಹೋಗೋ ಮುಂದ ಬ್ಯಾಗಿನಾಗ ಒಂದು ಬಾಟ್ಲಿ ನೀರು, ಸ್ವಲ್ಪ ಹತ್ತಿ, ಅರಿಷಿಣ ಪುಡಿ ಇಟ್ಕೊಂಡು ಹೋಗ್ರಿ.