ತಪಸ್ಸು ಕಾಲದ ಹೋಳಿಗೆ

ಫಾಲ್ಗುಣ ಮಾಸ ಕಾಲಿಡುವ ಹೊತ್ತಿಗೆ ನಮ್ಮ ಚನ್ನಗಿರಿ ಸೀಮೆಯ ಚಹರೆಯೇ ಬದಲಾಗಿರುತ್ತದೆ. ಗುಡ್ಡಗಳಲ್ಲಿ ಎಲೆಯುದುರಿಸಿ ನಿಂತ ಮುತ್ತುಗದ ಮರಗಳು ಕೆಂಡದ ಬಣ್ಣದ ಹೂ ತಳೆಯುತ್ತವೆ. ರಸ್ತೆಬದಿಯ ಹೊಂಗೆಯ ಚಿಗುರು ಬಿಸಿಲಿಗೆ ಮಿರುಗುತ್ತದೆ. ಅಡಿಕೆ ತೋಟಗಳಲ್ಲಿ ಹಿಂಗಾರ ಬಿಚ್ಚಿಕೊಂಡು ಅದರ ಮಂದ ಪರಿಮಳ ಮುಂಜಾನೆಯ ಗಾಳಿಯಲ್ಲಿ ಸುಳಿಯುತ್ತದೆ. ಭದ್ರಾ ನಾಲೆಯ ನೀರು ಕಂಡ ಗದ್ದೆಗಳಲ್ಲಿ ಬೇಸಿಗೆ ಭತ್ತ ಹಸಿರಾಗಿ ನಿಂತಿದ್ದರೆ, ನಾಲೆಯ ಕೊನೆ ಭಾಗದ ರೈತರು ಎಂಜಿನಿಯರರನ್ನು ಹುಡುಕಿಕೊಂಡು ಹೊರಟಿರುತ್ತಾರೆ. ಪಡಸಾಲೆಗಳಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುವ ಕೆಲಸ ಸಾಗಿರುತ್ತದೆ. ಮಾಳಿಗೆಯ ಮೇಲೆ ಸಂಡಿಗೆ ಕಾಯಲು ಕೂರಿಸಿದ ಮಕ್ಕಳು, ಕಾಗೆ ತಿನ್ನಬಹುದಾದದ್ದರ ಎರಡರಷ್ಟನ್ನು ಹಸಿಯಾಗಿಯೇ ತಾವು ಮುಗಿಸಿರುತ್ತಾರೆ. ಸೃಷ್ಟಿಯೆಲ್ಲ ಹೀಗೆ ಹಬ್ಬಕ್ಕೆ ಅಣಿಯಾಗುತ್ತಿರುವಾಗಲೇ ಕಥೋಲಿಕರಾದ ನಾವು ಹಣೆಗೆ ಬೂದಿ ಧರಿಸಿ, ಮುಖವನ್ನು ಸ್ವಲ್ಪ ಉದ್ದ ಮಾಡಿಕೊಂಡು, ನಲವತ್ತು ದಿನಗಳ ತಪಸ್ಸಿಗೆ ಕೂರುತ್ತೇವೆ.

ಮುಖ ಉದ್ದ ಮಾಡಿಕೊಳ್ಳಬೇಕೆಂದು ಧರ್ಮಸಭೆ ಎಲ್ಲಿಯೂ ಹೇಳಿಲ್ಲ. ಉಪವಾಸ ಮಾಡುವವನು ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಲಿ ಎಂಬರ್ಥದ ಯೇಸುಸ್ವಾಮಿಯ ಬೋಧನೆಯನ್ನೇ ವಿಭೂತಿ ಬುಧವಾರದ ಪೂಜೆಯಲ್ಲಿ ವರ್ಷವರ್ಷವೂ ಓದಲಾಗುತ್ತದೆ. ಆಂಗ್ಲರು ಈ ಕಾಲವನ್ನು ಕರೆಯುವ ‘ಲೆಂಟ್’ ಎಂಬ ಶಬ್ದದ ಹಳೆಯ ಅರ್ಥವಂತೂ ವಸಂತವೆಂದೇ. ಆದರೂ ನಮ್ಮಲ್ಲಿ ಕೆಲವರು ಬಿಟ್ಟ ಕಾಫಿಯನ್ನು ಇಡೀ ಬೀದಿಗೆ ಸಾರಿ ಹೇಳುತ್ತಾರೆ. ಕಾಫಿ ಬಿಟ್ಟವರ ಸಿಡುಕನ್ನು ಸಹಿಸುವ ಮನೆಮಂದಿಯ ತಪಸ್ಸೇ ದೊಡ್ಡದೆಂದು ನಾವು ತಿಳಿದಿದ್ದೇವೆ.

ಈ ಸಿಡುಕಿನ ನಡುವೆ ಯುಗಾದಿ ಬರುತ್ತದೆ. ಅದು ಬರುವುದು ಆಕಸ್ಮಿಕವಲ್ಲ. ಕ್ರಿ.ಶ. 325ರ ನೈಸೀಯ ಮಹಾಸಭೆ ಪಾಸ್ಕ ಹಬ್ಬವನ್ನು ಎಲ್ಲ ಕ್ರೈಸ್ತರೂ ಒಂದೇ ದಿನ ಆಚರಿಸಬೇಕೆಂದು ನಿರ್ಧರಿಸಿತು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರ ಪಾಸ್ಕ ಎಂಬುದು ಲೆಕ್ಕ. ಯುಗಾದಿಯೂ ಚಂದ್ರನನ್ನೇ ನಂಬಿದ ಹಬ್ಬ. ಹೀಗಾಗಿ ಬಹುತೇಕ ವರ್ಷಗಳಲ್ಲಿ ಯುಗಾದಿಯಾದ ಎರಡು ಮೂರು ವಾರಕ್ಕೆ ಪಾಸ್ಕ ಬರುತ್ತದೆ. 2022ರಲ್ಲಿ ಏಪ್ರಿಲ್ 2 ಮತ್ತು 17, 2023ರಲ್ಲಿ ಮಾರ್ಚ್ 22 ಮತ್ತು ಏಪ್ರಿಲ್ 9, 2025ರಲ್ಲಿ ಮಾರ್ಚ್ 30 ಮತ್ತು ಏಪ್ರಿಲ್ 20. ಅಪರೂಪಕ್ಕೆ ಕ್ರಮ ತಪ್ಪುವುದುಂಟು. 2024ರಲ್ಲಿ ಹೋಳಿ ಹುಣ್ಣಿಮೆಯೇ ಪವಿತ್ರ ವಾರದ ಸೋಮವಾರ ಬಿದ್ದು, ಮಾರ್ಚ್ 31ಕ್ಕೆ ಪಾಸ್ಕ ಮುಗಿದುಹೋಯಿತು. ಏಪ್ರಿಲ್ 9ರ ಯುಗಾದಿಗೆ ನಮ್ಮವರು ಯಾವ ಸಂಕೋಚವೂ ಇಲ್ಲದೆ ಹೋಳಿಗೆಗೆ ಕೂತರು. ಉಳಿದ ವರ್ಷಗಳಲ್ಲಿ ಮಾತ್ರ, ತಪಸ್ಸು ಕಾಲದ ಮಧ್ಯದಲ್ಲಿ ಪಕ್ಕದ ಮನೆಯಿಂದ ಬಾಳೆಲೆ ಮುಚ್ಚಿದ ತಟ್ಟೆ ಬಂದೇ ಬರುತ್ತದೆ.

ತಟ್ಟೆಯಲ್ಲಿ ಬೇವು ಬೆಲ್ಲ, ತುಪ್ಪ ಸವರಿದ ಹೋಳಿಗೆ, ಜೊತೆಗೊಂದು ತಂಬಿಗೆ ಹೋಳಿಗೆ ಸಾರು. ಸಿಹಿ ಬಿಡುವೆನೆಂದು ಹರಕೆ ಹೊತ್ತ ಗೃಹಿಣಿ ಬಾಗಿಲಲ್ಲಿ ನಿಂತು ಏನು ಹೇಳಬೇಕು? “ನಮ್ಮದು ಉಪವಾಸ, ಬೇಡಮ್ಮ” ಎಂದು ಹಿಂದಿರುಗಿಸುವವರು ಇದ್ದಾರೆ. ತೆಗೆದುಕೊಂಡು ಕೆಲಸದವಳಿಗೆ ದಾಟಿಸುವವರೂ ಇದ್ದಾರೆ. ಈಚೆಗೆ ಮೂರನೆಯ ವರ್ಗವೊಂದು ತಲೆಯೆತ್ತಿದೆ: ಅದು ‘ಅವರ’ ಹಬ್ಬದ್ದು, ಮುಟ್ಟಬಾರದು ಎನ್ನುವವರು. ಈ ಮೂರನೆಯವರ ಬಗ್ಗೆ ನಮಗೆ ನಿಜವಾಗಿಯೂ ಚಿಂತೆಯಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲಿ ನೋಡಿದರೂ ಕಥೋಲಿಕರ ಮನೆಗಳು ಸಂಖ್ಯೆಯಲ್ಲಿ ಅಲ್ಪ. ನಮ್ಮ ಹೆರಿಗೆ, ಜ್ವರ, ಸಾವುಗಳಲ್ಲಿ ರಾತ್ರಿ ಬಾಗಿಲು ತೆರೆದವರು ಆ ತಟ್ಟೆಯನ್ನು ತಂದವರೇ. ಕ್ರೈಸ್ತರೆಂದರೆ ಸಂಶಯದಿಂದ ನೋಡುವ ಮಾತು ಊರ ಹೊರಗೆ ಯಾವುದೋ ವೇದಿಕೆಯಲ್ಲಿ ಕೇಳಿಬಂದಾಗ, ಅದನ್ನು ನಂಬದೆ ಇರುವವರೂ ಅವರೇ. ಹಿಂದಕ್ಕೆ ಹೋದ ಒಂದು ತಟ್ಟೆ ಮರುವರ್ಷ ಬಾಗಿಲಿಗೆ ಬರುವುದಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ: ತಟ್ಟೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡು, ತಂದವರ ಎದುರಿನಲ್ಲೇ ಒಂದು ತುಂಡನ್ನಾದರೂ ತಿನ್ನಬೇಕು. ಸಿಹಿ ಬಿಡುವುದು ನಮ್ಮ ಸ್ವಂತ ಹರಕೆಯೇ ಹೊರತು ಧರ್ಮಸಭೆಯ ಕಟ್ಟಳೆಯಲ್ಲ. ತಾನು ಕಳುಹಿಸಿದ ಎಪ್ಪತ್ತೆರಡು ಶಿಷ್ಯರಿಗೆ ಸ್ವಾಮಿ, ಹೋದ ಊರಿನಲ್ಲಿ ಬಡಿಸಿದ್ದನ್ನು ಉಣ್ಣಿರೆಂದು ಹೇಳಿದ್ದನ್ನು ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಓದಬಹುದು. ಮತ್ತೆ, ತಪಸ್ಸು ಕಾಲಕ್ಕೆ ಬೇವಿಗಿಂತ ಒಪ್ಪುವ ಆಹಾರ ಯಾವುದಿದೆ? ಬೇವಿನ ಹೂವನ್ನು ಆರಿಸಿ ಬದಿಗಿಟ್ಟು ಬೆಲ್ಲವನ್ನಷ್ಟೇ ನೆಕ್ಕುವ ಮಕ್ಕಳು ಎರಡೂ ಧರ್ಮಗಳಲ್ಲಿ ಸಮಸಂಖ್ಯೆಯಲ್ಲಿದ್ದಾರೆ. 2025ರ ಯುಗಾದಿ ತಪಸ್ಸು ಕಾಲದ ನಾಲ್ಕನೆಯ ಭಾನುವಾರವೇ ಬಂದಿತ್ತು. ಆ ದಿನ ಗುರುಗಳು ನೇರಳೆಯ ಬದಲು ಗುಲಾಬಿ ಬಣ್ಣದ ಪೂಜಾವಸ್ತ್ರ ಧರಿಸಬಹುದು, ಆನಂದಿಸಿರೆಂದು ಧರ್ಮಸಭೆಯೇ ಹೇಳುವ ಭಾನುವಾರವದು. ಅಂದು ಹೋಳಿಗೆ ತಿನ್ನದವರು ಯಾರ ಮಾತನ್ನು ಪಾಲಿಸಿದರೋ ತಿಳಿಯದು.

ಆದರೆ ಹೊಸತೊಡಕಿನ ವಿಷಯ ಇಷ್ಟು ಸುಲಭವಲ್ಲ. ಯುಗಾದಿಯ ಮರುದಿನ, ಮಾಂಸಾಹಾರ ರೂಢಿಯಲ್ಲಿರುವ ಮನೆಗಳಲ್ಲಿ ಒಲೆಯ ಮೇಲೆ ದೊಡ್ಡ ಪಾತ್ರೆಯೇರುತ್ತದೆ. 2026ರ ಪಂಚಾಂಗವನ್ನೇ ನೋಡಿ: ಯುಗಾದಿ ಮಾರ್ಚ್ 19, ಗುರುವಾರ, ಅದೇ ದಿನ ಸಂತ ಜೋಸೆಫರ ಮಹೋತ್ಸವ. ಹೊಸತೊಡಕು ಮಾರ್ಚ್ 20, ತಪಸ್ಸು ಕಾಲದ ಶುಕ್ರವಾರ! ಶುಕ್ರವಾರದಂದು ಮಹೋತ್ಸವ ಬಿದ್ದರೆ ಮಾಂಸವರ್ಜನೆ ಇಲ್ಲವೆನ್ನುತ್ತದೆ 1983ರ ಧರ್ಮಸಭೆಯ ಕಾನೂನು ಸಂಹಿತೆ. ಬಡಗಿ ಜೋಸೆಫರು ಒಂದೇ ಒಂದು ದಿನ ತಡಮಾಡಿದ್ದರೆ ನಮ್ಮ ಎಷ್ಟೋ ಯುವಕರ ಸಂಕಟ ತಪ್ಪುತ್ತಿತ್ತು. ಅವರು ತಡಮಾಡುವವರಲ್ಲ.

ಇಲ್ಲಿ ನಾವು ಮೊದಲಿನಷ್ಟು ಧಾರಾಳಿಗಳಾಗಲಾರೆವು. ಹದಿನಾಲ್ಕು ತುಂಬಿದ ಎಲ್ಲರಿಗೂ ಅನ್ವಯಿಸುವ ನಿಯಮ ಇದು. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳೆರಡೇ ಉಪವಾಸದ ದಿನಗಳೆಂದು ಧರ್ಮಸಭೆ ಇಷ್ಟು ಸಡಿಲಿಸಿರುವಾಗ, ಉಳಿದ ಸಣ್ಣ ಕಟ್ಟಳೆಯನ್ನೂ ಕೈಬಿಡುವುದು ಚೆನ್ನಲ್ಲ. “ಇವತ್ತು ಶುಕ್ರವಾರ, ನಾವು ತಿನ್ನುವಂತಿಲ್ಲ ಕಣಣ್ಣ” ಎಂದರೆ ನೆರೆಯವರಿಗೆ ಬೇಸರವೇನೂ ಆಗುವುದಿಲ್ಲ. ಶ್ರಾವಣದಲ್ಲಿ ತಿಂಗಳಿಡೀ ಮಾಂಸ ಬಿಡುವವರು, ಸೋಮವಾರ ಶನಿವಾರ ಪಾಲಿಸುವವರು ಅವರು. ನಮ್ಮ ಶುಕ್ರವಾರವನ್ನು ಬೆಂಗಳೂರಿನಿಂದ ರಜೆಗೆ ಬಂದ ನಮ್ಮದೇ ಮಕ್ಕಳಿಗಿಂತ ಅವರು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ. ಮುಚ್ಚಿಟ್ಟು ನೆಪ ಹೇಳಿದರೆ ಮಾತ್ರ ನೊಂದುಕೊಳ್ಳುತ್ತಾರೆ.

ಶುಕ್ರವಾರದ ಮೀನಿನ ಪ್ರಶ್ನೆ ಬೇರೆಯದೇ. ಕರಾವಳಿಯಿಂದ ಬಂದು ನೆಲೆಸಿದ ಮನೆಗಳಲ್ಲಿ, ಮೀನು ಮಾಂಸವಲ್ಲವೆಂಬ ಧರ್ಮಸಭೆಯ ಅನುಮತಿಯನ್ನು ಬಹು ಭಕ್ತಿಯಿಂದ ಪಾಲಿಸುತ್ತಾರೆ. ಶಾಂತಿಸಾಗರವೆಂದು ಹೆಸರಾದ ನಮ್ಮ ಸೂಳೆಕೆರೆಯ ಕಾಟ್ಲಾ ಮೀನನ್ನು ಮಸಾಲೆ ಹಚ್ಚಿ ಕಾವಲಿಯ ಮೇಲೆ ಹುರಿಯುವ ಪರಿಮಳ ಬೀದಿಯ ತುದಿಗೆ ಬರುತ್ತಿರುವಾಗ, ಅದನ್ನು ತ್ಯಾಗವೆಂದು ಕರೆಯಲು ಸ್ವಲ್ಪ ಧೈರ್ಯ ಬೇಕು. ಅದೇ ಸಂಜೆ ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಾನಗಳಲ್ಲಿ ಮೊಣಕಾಲೂರುವಾಗ ಕೆಲವರಿಗೆ ಏಳುವುದು ಕಷ್ಟವಾದರೆ, ಅದಕ್ಕೆ ವಯಸ್ಸೊಂದೇ ಕಾರಣವಲ್ಲ.

ಇನ್ನು ಪರೀಕ್ಷೆಗಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರುವುದು ತಪಸ್ಸು ಕಾಲದಲ್ಲೇ ಆದ್ದರಿಂದ ಮಾತೆಯ ಸ್ವರೂಪದ ಮುಂದೆ ಮೇಣದ ಬತ್ತಿಗಳು ಹೆಚ್ಚುತ್ತವೆ. ಗಣಿತದ ದಿನ ಇನ್ನಷ್ಟು ಹೆಚ್ಚುತ್ತವೆ. ಹರಿಹರದ ಆರೋಗ್ಯಮಾತೆಗೆ ಹೊತ್ತ ಹರಕೆಗಳಲ್ಲಿ ಈ ತಿಂಗಳಿನವೇ ಬಹಳವಿರಬೇಕು. ಹೊರುವವರು ಹೆಚ್ಚಾಗಿ ತಾಯಂದಿರು. ಕ್ರೈಸ್ತರಲ್ಲದ ತಾಯಂದಿರೂ ಅವರಲ್ಲಿದ್ದಾರೆ.

ಗರಿಗಳ ಭಾನುವಾರದ ಮುನ್ನಾದಿನ ತೆಂಗಿನ ಗರಿಗಾಗಿ ಓಡಾಟ ನಡೆಯುತ್ತದೆ. ಗರಿ ಕಡಿಯಲು ಮರ ಹತ್ತುವ ಹುಡುಗ, ಯುಗಾದಿಗೆ ಇಡೀ ಬೀದಿಗೆ ಮಾವಿನ ಸೊಪ್ಪು ತಂದು ಹಂಚಿದವನೇ. ಅವನ ಜಾತಿ ಮತವನ್ನು ಯಾರೂ ಕೇಳಿದ್ದಿಲ್ಲ; ಕೂಲಿಯನ್ನು ಮಾತ್ರ ಅವನು ಎರಡೂ ಕಡೆ ತಪ್ಪದೆ ಕೇಳುತ್ತಾನೆ. ಗರಿ ಹೆಣೆದು ಮಾಡಿದ ಪುಟ್ಟ ಶಿಲುಬೆಗಳು ಮುಂದಿನ ವರ್ಷದ ವಿಭೂತಿಗೆ ಸುಟ್ಟು ಬೂದಿಯಾಗುವವರೆಗೆ ಬಾಗಿಲ ಮೇಲಿರುತ್ತವೆ. ಪಕ್ಕದ ಬಾಗಿಲಿನ ಒಣಗಿದ ತೋರಣವೂ ಅಷ್ಟೇ ದಿನ ನೇತಾಡುತ್ತಿರುತ್ತದೆ. ತೆಗೆಯುವ ಆಲಸ್ಯ ಉಭಯತ್ರ ಸಮಾನ.

ಪಾಸ್ಕ ಹಬ್ಬಕ್ಕೆ ತಟ್ಟೆ ಆ ಕಡೆಗೆ ಹೋಗಬೇಕಾದ ಸರದಿ ಬರುತ್ತದೆ. ಇದರಲ್ಲಿಯೂ ಸೂಕ್ಷ್ಮವಿದೆ. ನಮ್ಮ ಸೀಮೆಯಲ್ಲಿ ಮಾಂಸವನ್ನಿರಲಿ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನೆಗಳು ಬಹಳ. ಬಣ್ಣ ಬಳಿದ ಈಸ್ಟರ್ ಮೊಟ್ಟೆಯನ್ನು ಅಂಥ ಮನೆಗೆ ಕಳುಹಿಸುವುದು ಪುನರುತ್ಥಾನದ ಸಂದೇಶವಾಗಲಾರದು. ತಿಳಿದ ಗೃಹಿಣಿಯರು ಜಾಗರಣೆಯ ಪೂಜೆ ಮುಗಿಸಿ ನಡುರಾತ್ರಿ ದಾಟಿ ಮನೆ ಸೇರಿದರೂ, ಬೆಳಗಿನ ಜಾವವೇ ಎದ್ದು, ಕೋಳಿ ಒಲೆಗೇರುವ ಮೊದಲು ತೊಳೆದಿಟ್ಟ ಬೇರೆ ಪಾತ್ರೆಯಲ್ಲಿ ಕೇಸರಿಬಾತು ಮಾಡಿ ಮುಗಿಸುತ್ತಾರೆ. ಯುಗಾದಿಯಲ್ಲಿ ಬಂದ ತಟ್ಟೆಗಳನ್ನು ಲೆಕ್ಕವಿಟ್ಟು, ಅವೇ ತಟ್ಟೆಗಳಲ್ಲಿ ತುಂಬಿಸಿ, ಬಿಸಿಯಾರುವ ಮುನ್ನ ಕಳುಹಿಸುತ್ತಾರೆ. ಇಷ್ಟು ಹೊತ್ತಿಗೆ ಮನೆಯ ಗಂಡಸರು ಜಾಗರಣೆಯ ನಿದ್ದೆಯಲ್ಲಿರುತ್ತಾರೆ. ಈ ಪಾಸ್ಕಕ್ಕಾದರೂ ಅವರೆದ್ದು, ಮುಖ ತೊಳೆದು, ಬೀದಿಯುದ್ದಕ್ಕೂ ತಟ್ಟೆ ಹೊತ್ತು ಬರಲಿ.