ವೈಫೈ ಹಿಡಿಯದಿದ್ದರೆ ತಪ್ಪು ಲಿನಕ್ಸ್‌ನದಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು, ಇಂಟೆಲ್ ಯಂತ್ರವಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಶಾಲೆಯ ಮೂಲೆಯಲ್ಲೋ, ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲೋ, ಅರ್ಜಿ ತುಂಬಿಕೊಡುವ ಅಂಗಡಿಯಲ್ಲೋ ಇರುವ ಹಳೆಯ ಕಂಪ್ಯೂಟರಿಗೆ ಈ ಎರಡೂ ಇರುವುದಿಲ್ಲ. ಯಂತ್ರ ಮಾತ್ರ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಅದನ್ನು ಗುಜರಿಗೆ ಹಾಕದೆ ಇನ್ನೂ ನಾಲ್ಕಾರು ವರ್ಷ ದುಡಿಸಿಕೊಳ್ಳಲು ಕಾಸಿಲ್ಲದ ದಾರಿಯೊಂದಿದೆ: ಉಬುಂಟು, ಮಿಂಟ್ ಅಥವಾ ಡೆಬಿಯನ್ ಹೆಸರಿನಲ್ಲಿ ಸಿಗುವ ಲಿನಕ್ಸ್. ಪೆನ್‌ಡ್ರೈವಿಗೆ ಹಾಕಿಕೊಂಡು ಅರ್ಧ ಗಂಟೆಯಲ್ಲಿ ಕೂಡಿಸಬಹುದು. ಕನ್ನಡ ಅಕ್ಷರ, ಕನ್ನಡ ಕೀಲಿಮಣೆ ಅದರಲ್ಲೇ ಇವೆ. ಆದರೆ ನಮ್ಮ ಜಿಲ್ಲೆಯ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲೇ ಆಗಲಿ, ಈ ಪ್ರಯತ್ನ ಮುಗ್ಗರಿಸುವುದು ಬಹುಮಟ್ಟಿಗೆ ಒಂದೇ ಜಾಗದಲ್ಲಿ. ‘ವೈಫೈ ಹಿಡಿಯವಲ್ದು’ ಎಂಬ ಒಂದೇ ಮಾತಿಗೆ ಎಲ್ಲ ಕೆಲಸ ನಿಂತು, ಮಾರನೇ ದಿನ ಅದೇ ಯಂತ್ರಕ್ಕೆ ಯಾರೋ ಲೈಸೆನ್ಸ್ ಇಲ್ಲದ ವಿಂಡೋಸ್ ಹೊಡೆದುಕೊಡುತ್ತಾರೆ. ಲಿನಕ್ಸ್ ಸರಿಯಿಲ್ಲ ಎಂಬ ತೀರ್ಪು ಊರ ತುಂಬ ಹಬ್ಬುತ್ತದೆ. ಆ ತೀರ್ಪು ತಪ್ಪು. ದೋಷವಿರುವುದು ವೈಫೈ ಅಡಾಪ್ಟರಿನೊಳಗೆ ಯಾವ ಚಿಪ್ ಇದೆ ಎಂಬುದನ್ನು ಮುಚ್ಚಿಟ್ಟು ಮಾರುವ ಪದ್ಧತಿಯಲ್ಲಿ ಮತ್ತು ಅದನ್ನು ಕೇಳದೆ ಕೊಳ್ಳುವ ನಮ್ಮ ಪದ್ಧತಿಯಲ್ಲಿ.

ವೈಫೈ ಅಡಾಪ್ಟರ್ ಎಂದರೆ ಒಂದು ಚಿಪ್ಪು, ಒಂದು ಆಂಟೆನಾ. ಚಿಪ್ಪಿನಿಂದ ಕೆಲಸ ತೆಗೆಯಲು ಕಂಪ್ಯೂಟರಿನಲ್ಲಿ ಡ್ರೈವರ್ ಬೇಕು. ಚಿಪ್ಪಿನೊಳಗೆ ಓಡುವ ಫರ್ಮ್‌ವೇರ್ ಎಂಬ ಪ್ರೋಗ್ರಾಂ ಬೇರೆ. ಎರಡರಲ್ಲಿ ಯಾವುದಿಲ್ಲದಿದ್ದರೂ ಅಡಾಪ್ಟರ್ ಸತ್ತಂತೆ. ಕೆಲವು ನೂರು ರೂಪಾಯಿಗೆ ಸಿಗುವ, ಉಗುರಿನಷ್ಟೇ ಇರುವ ಡಾಂಗಲ್ ಒಂದನ್ನು ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿದರೆ ಎಷ್ಟೋ ಸಲ ತೆರೆಯ ಮೇಲೆ ಕಾಣಿಸುವುದು ಸಿಡಿ! ಒಳಗಿರುವುದು ವಿಂಡೋಸ್‌ನ ಸೆಟಪ್ ಫೈಲು. ವಿಂಡೋಸ್ ಬಳಸುವವರಿಗೆ ಅನುಕೂಲವಾಗಲೆಂದು ಡಾಂಗಲ್ ಮೊದಲು ಸಿಡಿಯ ವೇಷದಲ್ಲೇ ಎದ್ದು ಕೂರುತ್ತದೆ. ಆ ‘ಸಿಡಿ’ಯನ್ನು ಇಜೆಕ್ಟ್ ಮಾಡಿದರೆ, ಇಲ್ಲವೇ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪುಟ್ಟ ತಂತ್ರಾಂಶ ಆ ಕೆಲಸವನ್ನು ತಾನೇ ಮಾಡಿದರೆ, ಆಗ ಒಳಗಿನ ವೈಫೈ ಚಿಪ್ ಹೊರಗೆ ಬರುತ್ತದೆ. ಅದು ರಿಯಲ್‌ಟೆಕ್ಕೋ, ಮೀಡಿಯಾಟೆಕ್ಕೋ ಎಂಬುದು ಎಲ್‌ಎಸ್‌ಯುಎಸ್‌ಬಿ ಆಜ್ಞೆ ಕೊಟ್ಟಾಗಲೇ ತಿಳಿಯುವುದು. ಡಬ್ಬಿಯ ಮೇಲಿರುವುದು ಬ್ರ್ಯಾಂಡಿನ ಹೆಸರು ಮತ್ತು ವೇಗದ ಅಂಕಿ ಮಾತ್ರ. ಆ ಬ್ರ್ಯಾಂಡಿನ ಹೆಸರೂ ಭರವಸೆಗೆ ಸಾಲದು. ಟಿಪಿ-ಲಿಂಕ್‌ನ ಡಬ್ಲ್ಯುಎನ್ 722ಎನ್ ಅಡಾಪ್ಟರಿನ ಮೊದಲ ಆವೃತ್ತಿಯಲ್ಲಿ ಇದ್ದದ್ದು ಅಥೆರೋಸ್‌ನ ಎಆರ್ 9271 ಚಿಪ್. ಲಿನಕ್ಸ್‌ನಲ್ಲಿ ಚುಚ್ಚಿದ ಕೂಡಲೇ ನಡೆಯುವಂಥದ್ದು. ಎರಡನೇ ಆವೃತ್ತಿಯಿಂದ ಅದೇ ಮಾಡೆಲ್ ಹೆಸರಿನಡಿ ರಿಯಲ್‌ಟೆಕ್‌ನ ಬೇರೆಯೇ ಚಿಪ್ ಬಂತು. ಯಾರೋ ಚೆನ್ನಾಗಿದೆ ಎಂದರೆಂದು ಅದೇ ಹೆಸರು ಹೇಳಿ ಕೊಂಡವನಿಗೆ ಸಿಕ್ಕಿದ್ದು ಬೇರೆ ವಸ್ತು.

ಲಿನಕ್ಸ್‌ನಲ್ಲೇ ಕೊರತೆಯಿದ್ದಿದ್ದರೆ ಎಲ್ಲ ಕಂಪನಿಗಳ ಚಿಪ್ಪೂ ಒಂದೇ ರೀತಿ ತೊಂದರೆ ಕೊಡಬೇಕಿತ್ತು. ಇತಿಹಾಸ ಹಾಗಿಲ್ಲ. ಬ್ರಾಡ್‌ಕಾಂ ತನ್ನ ಚಿಪ್ಪುಗಳ ವಿವರ ಬಿಟ್ಟುಕೊಡದ ಕಾಲದಲ್ಲಿ ಸ್ವಯಂಸೇವಕರು ಅವುಗಳ ನಡವಳಿಕೆಯನ್ನು ತಾವೇ ಪತ್ತೆಹಚ್ಚಿ ಬಿ43 ಡ್ರೈವರ್ ಬರೆಯಬೇಕಾಯಿತು; ವಿಂಡೋಸ್ ಡ್ರೈವರನ್ನೇ ಲಿನಕ್ಸ್‌ನಲ್ಲಿ ಓಡಿಸುವ ಎನ್‌ಡಿಐಎಸ್‌ವ್ರ್ಯಾಪರ್‌ನಂಥ ಕಸರತ್ತೂ ನಡೆಯಿತು. ಆದರೆ 2008ರಲ್ಲಿ ಅಥೆರೋಸ್ ತನ್ನ ಎಟಿಎಚ್ 9ಕೆ ಡ್ರೈವರಿನ ಮೂಲವನ್ನೇ ತೆರೆದಿಟ್ಟಿತು, ಆ ಚಿಪ್ಪುಗಳ ತಕರಾರು ಬಹುಪಾಲು ಅಲ್ಲಿಗೇ ಮುಗಿಯಿತು. 2010ರಲ್ಲಿ ಬ್ರಾಡ್‌ಕಾಂ ಕೂಡ ಕೆಲವು ಚಿಪ್ಪುಗಳಿಗೆ ಮುಕ್ತ ಡ್ರೈವರ್ ಕೊಟ್ಟಿತು, ಎಲ್ಲಕ್ಕೂ ಅಲ್ಲ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಸಿಗುವ ಬಿಸಿಎಂ 43142 ಚಿಪ್ಪಿಗೆ ಇಂದಿಗೂ ಕಂಪನಿಯ ಮುಚ್ಚಿದ ಡ್ರೈವರೇ ಗತಿ. ರಿಯಲ್‌ಟೆಕ್‌ನ ಹಲವು ಯುಎಸ್‌ಬಿ ಚಿಪ್ಪುಗಳಿಗೆ ಲಿನಕ್ಸ್‌ನೊಳಗೇ ಡ್ರೈವರ್ ಬಂದದ್ದು ಅದರ ತಿರುಳಾದ ಕರ್ನಲ್‌ನ 2023ರ 6.2 ಆವೃತ್ತಿಯಲ್ಲಿ, ಹತ್ತು ವರ್ಷಕ್ಕೂ ಹಳೆಯದಾದ 8812 ಎಯು ಚಿಪ್ಪಿಗೆ 2025ರ 6.14ರಲ್ಲಿ. ಅಲ್ಲಿಯವರೆಗೆ ಅದನ್ನು ಕೊಂಡ ಲಿನಕ್ಸ್ ಬಳಕೆದಾರರು ಎಲ್ಲಿಂದಲೋ ಡ್ರೈವರಿನ ಮೂಲ ತಂದು ತಾವೇ ಕಂಪೈಲ್ ಮಾಡಿಕೊಳ್ಳಬೇಕಿತ್ತು, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತಂದುಕೊಳ್ಳಬೇಕಿತ್ತು.

ಈ ಕಂಪೈಲ್ ಎಂಬುದನ್ನು ಲಿನಕ್ಸ್ ಪರವಾಗಿರುವವರು ತೀರಾ ಹಗುರವಾಗಿ ಹೇಳುತ್ತಾರೆ. ನಾಲ್ಕು ಆಜ್ಞೆ ಟೈಪಿಸಿದರೆ ಆಯಿತು ಎನ್ನುವ ಅವರ ಮಾತನ್ನು ನಾನು ಒಪ್ಪಲಾರೆ. ಆ ನಾಲ್ಕು ಆಜ್ಞೆಗೆ ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಆ ಡ್ರೈವರೇ ಬೇಕು. ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆ ಚಾಲೂ ಇರುವ ಯಂತ್ರವಾದರೆ ಸಹಿಯಿಲ್ಲದ ಡ್ರೈವರನ್ನು ಅದು ಒಳಗೇ ಬಿಡುವುದಿಲ್ಲ. ಎಲ್ಲ ದಾಟಿ ಒಮ್ಮೆ ನಡೆದರೂ, ಮುಂದಿನ ಕರ್ನಲ್ ಅಪ್‌ಡೇಟ್ ಬಂದ ದಿನ ಮತ್ತೆ ಕೆಡಬಹುದು. ಮುಂಡರಗಿ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಹೀಗಾದರೆ ಗಣಿತದ ಮಾಸ್ತರರೇ ಕೂತು ಸರಿಪಡಿಸಬೇಕು, ಇಲ್ಲವೇ ಗದಗಿನಿಂದ ಯಾರಾದರೂ ಬರುವವರೆಗೆ ಯಂತ್ರಕ್ಕೆ ಬಟ್ಟೆ ಹೊದಿಸಿಡಬೇಕು. ಹಾಗಾಗಿ ‘ಲಿನಕ್ಸ್‌ನಲ್ಲಿ ನಡೆಯುತ್ತದೆ’ ಎಂಬ ಮಾತಿಗೆ ನನ್ನ ಮಟ್ಟಿಗೆ ಒಂದೇ ಅರ್ಥ: ಡ್ರೈವರ್ ಕರ್ನಲ್‌ನೊಳಗೇ ಇರಬೇಕು, ಚುಚ್ಚಿದ ಕೂಡಲೇ ಸುತ್ತಲಿನ ವೈಫೈ ಹೆಸರುಗಳು ಕಾಣಬೇಕು. ಡೆಬಿಯನ್ ಬಳಗಕ್ಕೂ ಇದು ಮನದಟ್ಟಾಯಿತು. ಮುಕ್ತವಲ್ಲದ ಫರ್ಮ್‌ವೇರನ್ನು ತನ್ನ ಅಧಿಕೃತ ಇನ್‌ಸ್ಟಾಲರಿನಿಂದ ದೂರವಿಟ್ಟಿದ್ದ ಆ ಬಳಗ 2022ರಲ್ಲಿ ಮತ ಹಾಕಿ ನಿಲುವು ಬದಲಿಸಿತು, 2023ರ ಡೆಬಿಯನ್ 12ರಲ್ಲಿ ಫರ್ಮ್‌ವೇರ್ ಸೇರಿಯೇ ಬಂತು. ತತ್ವನಿಷ್ಠರಿಗೆ ಅದು ನೋವಿನ ತೀರ್ಮಾನವಾಗಿದ್ದೀತು. ಹಳ್ಳಿಯ ಶಾಲೆಯ ಕಡೆಯಿಂದ ನೋಡಿದರೆ ಸರಿಯಾದ ತೀರ್ಮಾನ.

ಇಷ್ಟೆಲ್ಲ ಏಕೆ, ಕೇಬಲ್ ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಕದಲದ ಯಂತ್ರಗಳ ಲ್ಯಾಬ್ ಆದರೆ ಕೇಬಲ್ಲೇ ಉತ್ತಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ರೂಟರ್ ಹೆಡ್‌ಮಾಸ್ತರರ ಕೋಣೆಯಲ್ಲಿದ್ದು ಯಂತ್ರ ಅಂಗಳದಾಚೆ ಇದ್ದರೆ, ಅಥವಾ ಇಂಟರ್ನೆಟ್ ಬರುವುದೇ ಯಾರದೋ ಮೊಬೈಲಿನ ಹಾಟ್‌ಸ್ಪಾಟಿನಿಂದಾದರೆ, ವೈಫೈ ಬೇಕೇ ಬೇಕು. ಮೊಬೈಲನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ ಟೆದರಿಂಗ್ ಹಾಕಿದರೆ ಲಿನಕ್ಸ್ ಸಾಮಾನ್ಯವಾಗಿ ತಕರಾರಿಲ್ಲದೆ ಹಿಡಿದುಕೊಳ್ಳುತ್ತದೆ. ಡ್ರೈವರ್ ಇಳಿಸಿಕೊಳ್ಳುವಷ್ಟು ಹೊತ್ತಿಗೆ ಇದು ಒಳ್ಳೆಯ ಉಪಾಯ, ದಿನನಿತ್ಯದ ಏರ್ಪಾಡಲ್ಲ. ಇನ್ನು ಚಿಪ್ ಕಂಪನಿಗಳ ಕಡೆಯಿಂದ ಬಂದ ವಾದವೊಂದಿದೆ: ಡ್ರೈವರ್ ತೆರೆದಿಟ್ಟರೆ ಜನ ರೇಡಿಯೋ ಶಕ್ತಿಯನ್ನು ಕಾನೂನಿನ ಮಿತಿ ಮೀರಿ ಏರಿಸಿಬಿಡುತ್ತಾರೆ. ಆತಂಕ ಸುಳ್ಳೆನ್ನಲಾರೆ. ಆದರೆ ಅಥೆರೋಸ್ ತೆರೆದಿಟ್ಟ ಮೇಲೂ ಆಯಾ ದೇಶದ ಮಿತಿಗಳನ್ನು ಲಿನಕ್ಸ್ ತನ್ನೊಳಗಿನ ಪಟ್ಟಿಯಿಂದ ಪಾಲಿಸುತ್ತಲೇ ಬಂದಿದೆ.

ಮತ್ತೊಂದು ಆಕ್ಷೇಪಕ್ಕೆ ಗದಗ-ಬೆಟಗೇರಿಯಲ್ಲಿ ವಿಶೇಷ ತೂಕವಿದೆ. ಮುದ್ರಣ ಕಾಶಿ ಎನಿಸಿಕೊಂಡ ಊರಿದು. ಪೇಜ್‌ಮೇಕರ್, ಕೋರೆಲ್‌ಡ್ರಾಗಳಲ್ಲಿ ವರ್ಷಗಟ್ಟಲೆಯ ಕಡತ ಇಟ್ಟುಕೊಂಡ ಪ್ರೆಸ್ಸಿನವರಿಗೆ ಲಿನಕ್ಸ್‌ಗೆ ಬನ್ನಿ ಎಂದು ಹೇಳುವುದು ಅನ್ಯಾಯ. ನಾನು ಹೇಳುತ್ತಲೂ ಇಲ್ಲ. ಬ್ರೌಸರ್, ಪತ್ರ, ಲೆಕ್ಕದ ಹಾಳೆ ಇಷ್ಟರಲ್ಲೇ ಕೆಲಸ ಮುಗಿಯುವ ಯಂತ್ರಗಳ ಮಾತು ಇದು. ಅಂಥ ಕಡೆ ಮಾಡಿ ತೋರಿಸಿದವರಿದ್ದಾರೆ. ಕೇರಳದ ಶಾಲೆಗಳಲ್ಲಿ ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ನಡೆಯುತ್ತಿದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನಮ್ಮಲ್ಲೂ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟುವಿನಲ್ಲಿ ತರಬೇತಿ ಕೊಟ್ಟಿದ್ದವು.

ಸರ್ಕಾರಿ ಕೆಲಸಕ್ಕೆ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಎಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಹೊರಡಿಸಿದೆ. ಅದಕ್ಕೆ ತಕ್ಕಂತೆ ಖರೀದಿಯ ಕಾಗದ ಬದಲಾಗಬೇಕು. ಶಾಲೆ, ಪಂಚಾಯ್ತಿ, ಪತ್ತಿನ ಸಂಘ ಯಾರೇ ಕಂಪ್ಯೂಟರ್ ಅಥವಾ ಅಡಾಪ್ಟರ್ ಕೊಂಡರೂ ಕೊಟೇಶನ್ನಿನಲ್ಲಿ ಒಂದು ಷರತ್ತು ಇರಲಿ: ಚಿಪ್ಪಿನ ಹೆಸರು, ಸಂಖ್ಯೆ ಬರೆದಿರಬೇಕು, ಚಾಲ್ತಿಯಲ್ಲಿರುವ ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಬೆಂಬಲದ) ಆವೃತ್ತಿಯಲ್ಲಿ ಹೊರಗಿನ ಡ್ರೈವರ್ ಇಲ್ಲದೆ ನಡೆಯಬೇಕು, ಇಲ್ಲವಾದರೆ ವಾಪಸ್. ಡಬ್ಬಿಯ ಮೇಲೆ ಎಂಆರ್‌ಪಿ, ತಯಾರಕರ ವಿಳಾಸ ಅಚ್ಚು ಹಾಕಲು ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ, ಚಿಪ್ಪಿನ ಹೆಸರೊಂದು ಸೇರಿಸಿದರೆ ಯಾರಿಗೂ ಹೊರೆಯಲ್ಲ. ಒಂದು ಶಾಲೆ ಕೇಳಿದರೆ ವ್ಯಾಪಾರಿ ಕಿವಿಗೊಡಲಿಕ್ಕಿಲ್ಲ. ಆದರೆ 1905ರಲ್ಲಿ ಸಿದ್ದನಗೌಡ ಪಾಟೀಲರು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಜಿಲ್ಲೆಯಿದು. ನಾಲ್ಕು ತಾಲ್ಲೂಕಿನ ಸಂಘ-ಸಂಸ್ಥೆಗಳು ಕೂಡಿ ಒಂದೇ ಷರತ್ತಿನಲ್ಲಿ ಕೊಳ್ಳುವುದು ಇಲ್ಲಿ ಹೊಸ ವಿದ್ಯೆಯಲ್ಲ. ಪೇಟೆಯಲ್ಲಿ ಸಿಗುವ ಅಡಾಪ್ಟರುಗಳನ್ನು ಪರೀಕ್ಷಿಸಿ ಪಟ್ಟಿ ಮಾಡುವ ಕೆಲಸವನ್ನು ಗದಗ ಮತ್ತು ಲಕ್ಷ್ಮೇಶ್ವರದ ಎಂಜಿನಿಯರಿಂಗ್ ಕಾಲೇಜುಗಳು ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಡಬಹುದು. ಮನೆಗೆ ಒಂದೇ ಒಂದು ಡಾಂಗಲ್ ಕೊಳ್ಳುವವರು ಲಿನಕ್ಸ್ ಹಾಕಿದ ಪೆನ್‌ಡ್ರೈವ್ ಕಿಸೆಯಲ್ಲಿಟ್ಟುಕೊಂಡು ಹೋಗಲಿ, ಅಂಗಡಿಯ ಯಂತ್ರದಲ್ಲೇ ಅದನ್ನು ಚಾಲೂ ಮಾಡಿಸಿ ಡಾಂಗಲ್ ಸಿಕ್ಕಿಸಿ ನೋಡಲಿ, ಹೆಸರುಗಳು ಕಂಡರೆ ಮಾತ್ರ ದುಡ್ಡು ಕೊಡಲಿ. ಹೀಗೆ ಹತ್ತು ಗಿರಾಕಿ ಕೇಳಿದರೆ, ಹುಬ್ಬಳ್ಳಿಯಿಂದ ಮುಂದಿನ ಸಲ ಮಾಲು ತರಿಸುವಾಗ ಅಂಗಡಿಯವರೇ ಚಿಪ್ ಯಾವುದೆಂದು ಕೇಳಿ ತರಿಸುತ್ತಾರೆ.