ಬಾಯಿಪಾಠವೇ ಅಪರಾಧವೆ?

ಹವ್ಯಾಸಿ ರೇಡಿಯೊ ಪರವಾನಗಿಯ ಪರೀಕ್ಷೆ ಬರೀ ಬಾಯಿಪಾಠದ್ದು, ಪ್ರಶ್ನೋತ್ತರ ಉರುಹೊಡೆದವರು ಏನೂ ಅರ್ಥವಾಗದೆಯೇ ಪಾಸಾಗುತ್ತಾರೆ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಅರ್ಧ ನಿಜ. ಉಳಿದರ್ಧದ ಬಗ್ಗೆ ನನ್ನ ತಕರಾರು.

ಪ್ರಶ್ನೆಪತ್ರಿಕೆಯ ಒಂದು ಭಾಗ ನಿಯಮಗಳದ್ದು. 40 ಮೀಟರ್ ಬ್ಯಾಂಡ್ ನಮ್ಮಲ್ಲಿ 7.0ರಿಂದ 7.2 ಮೆಗಾಹರ್ಟ್ಸ್‌ವರೆಗೆ ಎಂಬುದನ್ನು ಯಾವ ತರ್ಕದಿಂದ ಕಂಡುಹಿಡಿಯುವುದು? ಬಾಯಿಪಾಠವೇ ಆಗಬೇಕು. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದಗಳ ಮೋರ್ಸ್ ಬೇರೆ. ಚುಕ್ಕೆ-ಗೆರೆಗಳ ಪಟ್ಟಿ ಕಂಠಸ್ಥವಿದ್ದರೂ ಕಿವಿ ಪಳಗದವರು ಅಲ್ಲಿ ನಪಾಸು. ಲೇಖಕರು ಇದನ್ನು ಹೇಳಲೇ ಇಲ್ಲ.

ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಇಲ್ಲ, ಒಪ್ಪಿದೆ. ಉರುಹೊಡೆದೇ ದಾಟಿದವರೂ ಇರಬಹುದು. ಆದರೆ ಶಿಕಾರಿಪುರದ ಹುಡುಗಿಯೊಬ್ಬಳು ಆ 40 ಮೀಟರ್ ಬ್ಯಾಂಡಿನ ಆಂಟೆನಾದ ಉದ್ದಕ್ಕಾಗಿ 143ನ್ನು 7.1ರಿಂದ ಭಾಗಿಸಿ, ಸುಮಾರು 20 ಮೀಟರ್ ತಂತಿಯನ್ನು ಎರಡು ತೆಂಗಿನಮರಗಳ ನಡುವೆ ಕಟ್ಟಿದರೆ, ಆಂಟೆನಾ ಹೊಂದಿಕೆ ಅಳೆಯುವ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ಅವಳ ಅಂಕಪಟ್ಟಿ ಕೇಳುವುದಿಲ್ಲ. ಸೊರಬದ ಗುಡ್ಡದ ಮರೆಯಿಂದ ವಿಎಚ್‌ಎಫ್ ವಾಕಿಟಾಕಿ ನೇರವಾಗಿ ಬೆಂಗಳೂರಿಗೆ ಏಕೆ ಮುಟ್ಟದು, ಆ ತಂತಿ ಹಗಲಲ್ಲೇ ಹೇಗೆ ಮುಟ್ಟೀತು? ಇದನ್ನೆಲ್ಲ ಸ್ವತಃ ಮಾಡಿ ತಿಳಿಯುವುದು ಪರವಾನಗಿ ಬಂದ ಮೇಲೆಯೇ. ಅದಿಲ್ಲದೆ ಪ್ರಸಾರಕ್ಕೆ ಕೈಹಾಕುವಂತಿಲ್ಲವಲ್ಲ. ಅಂತರರಾಷ್ಟ್ರೀಯ ರೇಡಿಯೊ ನಿಯಮಾವಳಿಯೂ ಈ ಸೇವೆಯ ಉದ್ದೇಶಗಳಲ್ಲಿ ಸ್ವಯಂ ಕಲಿಕೆಯನ್ನೇ ಮೊದಲು ಹೆಸರಿಸುತ್ತದೆ. ಲೇಖಕರು ಪ್ರಶ್ನೆಪತ್ರಿಕೆ ಕಠಿಣವಾಗಲಿ ಎನ್ನುವ ಬದಲು ಆಂಟೆನಾ ಕಟ್ಟಿ ತೋರಿಸುವ ಪ್ರಾಯೋಗಿಕ ಪರೀಕ್ಷೆ ಕೇಳಿದ್ದರೆ ನಾನೂ ಸಹಿ ಹಾಕುತ್ತಿದ್ದೆ.